ಏಳನೇ ಲಾಕಿನ ಆಚೆ ಬದಿ

'ಎಡಿತ್' ದೋಣಿ, ಡೂಕಿನ್‌ಫೀಲ್ಡ್
೫ ಏಪ್ರಿಲ್ ೧೯೯೪

ಲೋ ವಿಲ್ಫ್,

ಈಸ್ಟರ್ ಕಾರ್ಡು ಬಂತು. ಮೊಲದ ಚಿತ್ರ ಚೆನ್ನಾಗಿದೆ. ಒಳಗೆ ನೀನು ಬರೆದದ್ದು ಮಾತ್ರ ಸ್ವಲ್ಪವೂ ಚೆನ್ನಾಗಿಲ್ಲ. "ಅಕ್ಕ, ಇನ್ನು ಸಾಕು ಮಾಡು, ನಮ್ಮ ಹಿಂದಿನ ರೂಮು ಖಾಲಿ ಇದೆ" ಅಂದರೆ ಏನೋ ಅರ್ಥ? ನನಗೆ ಅರವತ್ತಮೂರು ಕಣೋ, ತೊಂಬತ್ತಮೂರಲ್ಲ. ಇಪ್ಪತ್ತು ವರ್ಷ ಮ್ಯಾಂಚೆಸ್ಟರಿನ ಬಸ್ಸುಗಳಲ್ಲಿ ಕಂಡಕ್ಟರ್ ಆಗಿದ್ದವಳು ನಾನು. ಫುಟ್ಬಾಲ್ ಮ್ಯಾಚ್ ಮುಗಿಸಿ ಬಂದ ಕುಡುಕರನ್ನ ಕಾಲರ್ ಹಿಡಿದು ಇಳಿಸಿದ್ದೀನಿ. ನಿನ್ನ ಹಿಂದಿನ ರೂಮಲ್ಲಿ ನಿನ್ನ ಹೆಂಡತಿ ಐರಿಸಳ ಹೊಲಿಗೆ ಮಿಷನ್ನು ನೋಡ್ತಾ ಕೂರೋ ಜಾತಿ ನನ್ನದಲ್ಲ.

ಈಗ ಸುದ್ದಿ ಕೇಳು. ನಮ್ಮ ದೋಣಿಕಟ್ಟೆ ಜೂನ್ ಮೂವತ್ತಕ್ಕೆ ಮುಚ್ಚುತ್ತೆ. ಜಾಗ ಮಾರಿಬಿಟ್ಟಿದ್ದಾರೆ, ಕಾರ್ಪೆಟ್ ಅಂಗಡಿ ಬರುತ್ತಂತೆ. ಅಷ್ಟರೊಳಗೆ 'ಎಡಿತ್'ನ ಇಲ್ಲಿಂದ ಎಬ್ಬಿಸಬೇಕು. ದೋಣಿ ಕಾಯಂ ಕಟ್ಟಿ ನಿಲ್ಲಿಸೋಕೆ ಜಾಗ ಸಿಕ್ಕಿರೋದು ಒಂದೇ ಕಡೆ, ಮ್ಯಾಂಚೆಸ್ಟರಿನ ಆಚೆ ಸೇಲ್ ಅನ್ನೋ ಊರಲ್ಲಿ. ಸುತ್ತು ಹೊಡೆದು ಹೋದರೆ ಎರಡು ವಾರ, ಅರವತ್ತು ಚಿಲ್ಲರೆ ಲಾಕು. ನೆಟ್ಟಗೆ ಹೋದರೆ ಆಷ್ಟನ್ ಕಾಲುವೆ, ಹದಿನೆಂಟು ಲಾಕು, ಮ್ಯಾಂಚೆಸ್ಟರಿನ ಹಿತ್ತಲು. ಒಂದೊಂದು ಲಾಕಲ್ಲೂ ದೋಣಿನ ತೊಟ್ಟಿಯೊಳಗೆ ನಿಲ್ಲಿಸಿ, ಗೇಟು ಹಾಕಿ, ತೂಬು ಎತ್ತಿ ನೀರು ಬಿಟ್ಟು ಇಳಿಸು. ಹೀಗೆ ಹದಿನೆಂಟು ಸಲ. ನನ್ನ ಗಂಡ ಸಿರಿಲ್ ಇದ್ದಾಗ ಅವನು ಚುಕ್ಕಾಣಿ ಹಿಡಿದರೆ ನಾನು ಗೇಟು ತಳ್ಳುತ್ತಿದ್ದೆ. ಈಗ ಎರಡೂ ನಾನೇ.

ಆ ಹದಿನೆಂಟರಲ್ಲಿ ಏಳನೆಯದು ನಿನಗೂ ಮರೆತಿರಲ್ಲ. ತೊಂಬತ್ತೊಂದರ ಆಗಸ್ಟು, ನೀನೂ ಜೊತೆಗಿದ್ದೆ. ಆ ಪುಂಡರು ತೂಬು ಎತ್ತಿ ನೀರು ಖಾಲಿ ಮಾಡಿ, ನಮ್ಮನ್ನ ಕೆಸರಲ್ಲಿ ಕೂರಿಸಿ, ಕಲ್ಲು ಹೊಡೆದು ಸಿರಿಲ್‌ನ ಎಡಗಣ್ಣು ತೆಗೆದರು. ಸಾಯೋವರೆಗೂ ಅವನು ಆ ಕಡೆಗೆ ದೋಣಿ ತಿರುಗಿಸಲಿಲ್ಲ. ಹೋದ ನವೆಂಬರಲ್ಲಿ ಆಸ್ಪತ್ರೆಯ ಮಂಚದ ಮೇಲೂ ಅದೇ ಮಾತು: "ಆ ಮಕ್ಕಳು ಹಾಳಾಗಿ ಹೋಗ್ಲಿ."

ನಾನು ಹೋಗ್ತೀನಿ. ಮನೆ ಮಾರಿ ಈ ದೋಣಿಗೆ ಬಂದವರು ನಾವು. ಇದು ಕೈಬಿಟ್ಟರೆ ನನ್ನದು ಅನ್ನೋ ಬಾಗಿಲೇ ಇರಲ್ಲ. ನೀನು ಬರ್ತೀಯಾ ಹೇಳು. ಬಂದರೆ ಶುಂಠಿ ಕೇಕು ಮಾಡಿಡ್ತೀನಿ.

ನಿನ್ನ ಅಕ್ಕ,
ನೋರಾ


ಸಿಡ್ಮತ್
೧೪ ಏಪ್ರಿಲ್ ೧೯೯೪

ಪ್ರೀತಿಯ ಅಕ್ಕ,

ನಿನ್ನ ಕಾಗದ ಓದಿ ಎರಡು ದಿನ ಊಟ ಸೇರಲಿಲ್ಲ. ಐರಿಸ್ ಕೂಡ ಗಾಬರಿಯಾಗಿದ್ದಾಳೆ. ಅವಳ ಕೆಮ್ಮು ಹಾಗೇ ಇದೆ. ನನ್ನ ಮೊಣಕಾಲು ಮೆಟ್ಟಿಲು ಹತ್ತೋಕೂ ಬಿಡುತ್ತಿಲ್ಲ, ಇನ್ನು ಲಾಕಿನ ಗೇಟು ತಳ್ಳೋದು ಎಲ್ಲಿ ಬಂತು. ಬರಲು ಆಗುವುದಿಲ್ಲ, ಬೇಜಾರು ಮಾಡಿಕೊಳ್ಳಬೇಡ.

ಆದರೆ ನೀನೂ ಹೋಗಬೇಡ. ಆ ಜಾಗ ಹೇಗಿದೆ ಅಂತ ನಿನಗೇ ಗೊತ್ತು. ಪೇಪರಿನಲ್ಲಿ ಬಂದದ್ದನ್ನು ಕತ್ತರಿಸಿ ಇದರ ಜೊತೆ ಇಟ್ಟಿದ್ದೇನೆ. ಒಬ್ಬರ ದೋಣಿಗೆ ಸೇತುವೆ ಮೇಲಿಂದ ಸೂಪರ್ ಮಾರ್ಕೆಟ್ಟಿನ ತಳ್ಳುಗಾಡಿಯನ್ನೇ ಕೆಡವಿದ್ದಾರೆ. ಇನ್ನೊಬ್ಬರ ಕಿಟಕಿ ಒಡೆದು ರೇಡಿಯೋ ಕದ್ದಿದ್ದಾರೆ. ಒಂಟಿ ಹೆಂಗಸು, ಅರವತ್ತು ಅಡಿ ದೋಣಿ. ಏನಾದರೂ ಆದರೆ ಯಾರನ್ನು ಕೂಗುತ್ತೀಯ?

ಸಿರಿಲ್ ಇದ್ದಿದ್ದರೆ ಒಪ್ಪುತ್ತಿರಲಿಲ್ಲ. ಒಂದು ವೇಳೆ ಹೋಗಲೇಬೇಕು ಅಂದರೆ, ದಮ್ಮಯ್ಯ, ಅಲ್ಲಿ ಎಲ್ಲೂ ನಿಲ್ಲಬೇಡ. ಅಲ್ಲಿಯ ಜನರ ಜೊತೆ ಮಾತಿಗೆ ಇಳಿಯಬೇಡ. ಅವರು ಏನು ಹೇಳಿದರೂ ಕಿವಿಗೆ ಹಾಕಿಕೊಳ್ಳಬೇಡ.

ಇತಿ ನಿನ್ನ ತಮ್ಮ,
ವಿಲ್ಫ್ರೆಡ್


'ಎಡಿತ್', ಡೂಕಿನ್‌ಫೀಲ್ಡ್
೨೮ ಏಪ್ರಿಲ್ ೧೯೯೪

ಲೋ ವಿಲ್ಫ್,

ನಿನ್ನೆ ಬೆಳಿಗ್ಗೆ ಒಬ್ಬ ಬಂದ. ಟೈ ಕಟ್ಟಿದ್ದ, ಕೈಯಲ್ಲಿ ಅಳತೆ ಟೇಪು. "ನಮಸ್ಕಾರ ಮೇಡಂ, ದೋಣಿ ನೋಡೋಕೆ ಬಂದೆ" ಅಂದ. ಕಾಲುವೆ ದಂಡೆಯಲ್ಲಿ ನಿಂತು ದೋಣಿ ನೋಡೋರು ದಿನಕ್ಕೆ ಹತ್ತು ಜನ ಇರ್ತಾರೆ, ನೋಡಪ್ಪ ಅಂದೆ. ನೋಡನೋಡ್ತಿದ್ದ ಹಾಗೇ ಅವನು ನನ್ನ ಛಾವಣಿ ಮೇಲಿನ ಜೆರೇನಿಯಂ ಕುಂಡ ಪಕ್ಕಕ್ಕೆ ಸರಿಸಿ ಅಳೆಯೋಕೆ ಶುರು ಮಾಡಿದ! ಏನಯ್ಯಾ ಇದು ಅಂದರೆ "ನಿಮ್ಮ ತಮ್ಮ ಹೇಳಿದ್ರಲ್ಲ, ಜೂನ್ ಒಳಗೆ ಮಾರ್ತೀರಿ ಅಂತ" ಅಂದ.

ಮೈಯೆಲ್ಲಾ ಉರಿದುಹೋಯ್ತು. ಟೇಪಿನ ಆ ತುದಿ ಅವನ ಕೈಲಿ, ಈ ತುದಿ ನನ್ನ ಕೈಲಿ. ನಾನು ಬಿಟ್ಟೆ. ಅದು ಸರ್ರಂತ ಹೋಗಿ ಅವನ ಬೆರಳಿಗೆ ಹೊಡೀತು. ನಿನ್ನ ಪರವಾಗಿ ಅಂತ ಹೇಳಿ ಕಳಿಸಿದೆ.

ನನ್ನ ಬದುಕು ಮಾರೋಕೆ ನಿನಗೆ ಯಾರೋ ಅಧಿಕಾರ ಕೊಟ್ಟಿದ್ದು? ಚಿಕ್ಕವನಿದ್ದಾಗ ನನ್ನ ಸ್ಕೇಟಿಂಗ್ ಚಕ್ರ ಮಾರಿ ಗೋಲಿ ತಂದಿದ್ದೆ, ಆವತ್ತೇ ಎರಡು ಬಿಗಿಯಬೇಕಿತ್ತು.

ಇತ್ತ ನಮ್ಮ ದೋಣಿ ಕ್ಲಬ್ಬಿನ ಕಾರ್ಯದರ್ಶಿ ಟಾಟರ್ಸಾಲ್ ಕೂಡ ಉಪದೇಶಕ್ಕೆ ಬಂದಿದ್ದ. ಅವನದು ಟೈಪ್ ಮಾಡಿದ ಹಾಳೆ. ಬೆಳಗಿನ ಜಾವ ಐದಕ್ಕೇ ಹೊರಡಿ, ಮಕ್ಕಳು ಏಳೋದರೊಳಗೆ ಊರು ದಾಟಿಬಿಡಿ. ಶನಿವಾರ ಭಾನುವಾರ ಬೇಡವೇ ಬೇಡ, ಶಾಲೆಗೆ ರಜಾ ಇದ್ದಾಗ ಬೇಡ. ಬಾಗಿಲು ಒಳಗಿಂದ ಹಾಕಿ, ಕಿಟಕಿಗೆ ಹಲಗೆ ಬಡೀರಿ. ಯಾರಾದರೂ ಮಾತಾಡಿಸಿದರೆ ಮುಂದೆ ನೋಡ್ತಾ ಹೋಗಿ. "ಹೆಂಗಸರು ಒಬ್ಬರೇ ಹೋಗೋದು ಕ್ಲಬ್ಬಿಗೆ ಒಪ್ಪಿಗೆ ಇಲ್ಲ ಮಿಸೆಸ್ ಗ್ರಿಮ್‌ಶಾ" ಅಂತ ಕೊನೆಗೆ. ಕ್ಲಬ್ಬಿನ ಒಪ್ಪಿಗೆ ಯಾರು ಕೇಳಿದರು ಅಂದೆ. ಅವನ ಹಾಳೆಯಲ್ಲಿ ಒಂದು ಮಾತು ಮಾತ್ರ ಇಟ್ಟುಕೊಂಡೆ: ತಲೆಗೆ ಗಟ್ಟಿ ಟೋಪಿ ಹಾಕಿ ಅಂತ. ಸಿರಿಲ್‌ನ ಮೋಟಾರ್ ಸೈಕಲ್ ಹೆಲ್ಮೆಟ್ಟು ಮಂಚದ ಕೆಳಗಿದೆ.

ಯೋಚನೆ ಮಾಡಿದೆ ವಿಲ್ಫ್. ಬೆಳಗಿನ ಜಾವ ಕದ್ದು ಹೋಗೋಕೆ ನಾನೇನು ಕಳ್ಳಿಯಾ? ಇನ್ನೊಂದು ವಿಷಯ. ಯಾರೂ ಇಲ್ಲದ ಹೊತ್ತಲ್ಲಿ ಕಾಲು ಜಾರಿ ಲಾಕೊಳಗೆ ಬಿದ್ದರೆ ಎತ್ತೋರೂ ಇರಲ್ಲ. ಬಸ್ಸಲ್ಲಿ ಕಲಿತದ್ದು ಇದೇ: ಖಾಲಿ ಬಸ್ಸಲ್ಲೇ ಭಯ ಜಾಸ್ತಿ, ತುಂಬಿದ ಬಸ್ಸಲ್ಲಿ ಯಾರಾದರೊಬ್ಬ "ಏಯ್" ಅಂತಾನೆ. ಅದಕ್ಕೇ ಮೊದಲು ಕಾಲ್ನಡಿಗೆಯಲ್ಲಿ ಹದಿನೆಂಟೂ ಲಾಕು ನೋಡಿ ಬರ್ತೀನಿ, ಬುಧವಾರ ಬುಧವಾರ. ಯಾರಿದ್ದಾರೆ ಯಾರಿಲ್ಲ ಅಂತ ಮುಖ ನೋಡಿ ಮಾತಾಡಿಸಿ ಬರ್ತೀನಿ. ನೀನು ಮಾತಾಡಬೇಡ ಅಂದಿದ್ದಕ್ಕೆ ಇನ್ನೂ ಜಾಸ್ತಿ ಮಾತಾಡ್ತೀನಿ.

ನೋರಾ


ಸಿಡ್ಮತ್
೪ ಮೇ ೧೯೯೪

ಪ್ರೀತಿಯ ಅಕ್ಕ,

ಆ ಮನುಷ್ಯನನ್ನು ಕಳಿಸಿದ್ದು ತಪ್ಪಾಯಿತು. ನಿನ್ನ ಒಳ್ಳೆಯದಕ್ಕೇ ಮಾಡಿದ್ದು. ಅವನು ಒಳ್ಳೆಯವನು, ಈಗಲೂ ಕೊಳ್ಳಲು ತಯಾರಿದ್ದಾನೆ, ಬೆರಳು ಊದಿದೆ ಅಷ್ಟೆ.

ಕಾಲ್ನಡಿಗೆ ಯಾಕೆ ಅಕ್ಕ? ಆಗಿದ್ದು ಆಗಿಹೋಯಿತು. ಅದನ್ನೆಲ್ಲ ಈಗ ಕೆದಕಿ ಏನು ಪ್ರಯೋಜನ? ಸಿರಿಲ್ ಕೂಡ ಈಗಿಲ್ಲ. ಸುತ್ತಿನ ದಾರಿಯಲ್ಲೇ ಹೋಗು ಬೇಕಾದರೆ, ಅದಕ್ಕೊಬ್ಬ ಆಳನ್ನು ನಾನೇ ಗೊತ್ತು ಮಾಡಿಕೊಡುತ್ತೇನೆ. ಆ ಏಳನೇ ಲಾಕಿನ ಹತ್ತಿರ ಮಾತ್ರ ಹೋಗಬೇಡ.

ವಿಲ್ಫ್ರೆಡ್


'ಎಡಿತ್', ಡೂಕಿನ್‌ಫೀಲ್ಡ್
೧೨ ಮೇ ೧೯೯೪

ವಿಲ್ಫ್,

ಎರಡು ಬುಧವಾರ ಆಯ್ತು. ಚೀಲದಲ್ಲಿ ಶುಂಠಿ ಕೇಕು, ಸೊಂಟದಲ್ಲಿ ತೂಬು ತಿರುಗಿಸೋ ಕಬ್ಬಿಣದ ಹಿಡಿ. ಒಂದು ಮಾತಿಗೆ, ಇನ್ನೊಂದು ಧೈರ್ಯಕ್ಕೆ. ಹದಿನಾಲ್ಕನೇ ಲಾಕಿನ ಸೇತುವೆ ಮೇಲೆ ನಾಲ್ಕು ಪಡ್ಡೆಗಳು "ಅಜ್ಜೀ, ಹಲ್ಲು ಸೆಟ್ಟು ನೀರಿಗೆ ಬಿತ್ತಾ?" ಅಂತ ಕೂಗಿದರು. "ಬಿದ್ದಿದೆ, ಧುಮುಕಿ ತೆಗೆದುಕೊಡ್ತೀರಾ?" ಅಂದೆ. ಒಬ್ಬ ಉಗಿದ, ಕೋಟಿನ ತೋಳಿಗೆ ತಗುಲ್ತು. ಸುಳ್ಳು ಯಾಕೆ ಹೇಳಲಿ, ಹೆದರಿಕೆ ಆಯ್ತು. ಆದರೂ ಅಲ್ಲೇ ನಿಂತು ಕರವಸ್ತ್ರ ತೆಗೆದು ನಿಧಾನವಾಗಿ ಒರೆಸಿಕೊಂಡೆ, ಅವನ ಮುಖ ನೋಡ್ತಾನೇ. ಅವನೇ ಮೊದಲು ಆ ಕಡೆ ತಿರುಗಿದ.

ಏಳನೇ ಲಾಕಿನ ಪಕ್ಕದಲ್ಲಿ ಇಟ್ಟಿಗೆ ಮನೆಗಳ ಒಂದು ಸಾಲಿದೆ, ನೆನಪಿದೆಯಾ? ಕೊನೇ ಮನೇಲಿ ಬರ್ನಿ ಕ್ಯೂಸಾಕ್ ಅಂತ ಇದ್ದಾಳೆ, ಶಾಲೆಯಲ್ಲಿ ಊಟ ಬಡಿಸೋಳು. ಬಾಗಿಲಲ್ಲಿ ಕೂತು ಆಲೂಗಡ್ಡೆ ಸುಲೀತಿದ್ದಳು. ಅವಳ ಮಗಳು ಕಾರ್ಲಾಗೆ ಈಗ ಹತ್ತೊಂಬತ್ತು, ಮೂಲೆಯ ಲಾಂಡ್ರಿಯಲ್ಲಿ ಕೆಲಸ. ದೋಣಿ ಅಂದ ಕೂಡಲೇ ಆ ಹುಡುಗಿ ಕೆಂಪಗಾದಳು. ಆಮೇಲೆ ಚಹಾ ತಂದುಕೊಟ್ಟಳು. ಚೆನ್ನಾಗಿ ಮಾತಾಡಿದೆವು. ಎಲ್ಲಾ ಈಗ ಬರೆಯೋಕೆ ಆಗಲ್ಲ.

ಅಂದಹಾಗೆ, ನಿನ್ನ ಆ ಹಳದಿ ಮಳೆ ಕೋಟು ಇನ್ನೂ ಇದೆಯಾ?

ನೋರಾ


'ಎಡಿತ್', ಡೂಕಿನ್‌ಫೀಲ್ಡ್
೨೬ ಮೇ ೧೯೯೪

ವಿಲ್ಫ್,

ಎರಡು ವಾರ ಆಯ್ತು, ಉತ್ತರ ಇಲ್ಲ. ಸಿಡ್ಮತ್‌ನಲ್ಲಿ ಅಂಚೆ ಚೀಟಿ ಮುಗಿದುಹೋಯ್ತಾ?

ಕೇಳಿದ್ದು ಕೋಟಿನ ವಿಷಯ ಅಷ್ಟೆ.

ನೋರಾ


ಸಿಡ್ಮತ್
೩೦ ಮೇ ೧೯೯೪

ಪ್ರೀತಿಯ ಅಕ್ಕ,

ಕ್ಷಮಿಸು, ಐರಿಸಳನ್ನು ಎದೆಯ ಫೋಟೋ ತೆಗೆಸಲು ಕರೆದುಕೊಂಡು ಹೋಗಿದ್ದೆ. ದೇವರ ದಯೆ, ಏನೂ ಇಲ್ಲ. ಇಲ್ಲಿ ಈ ವರ್ಷ ಗುಲಾಬಿ ಚೆನ್ನಾಗಿ ಬಂದಿದೆ. ಸಮುದ್ರದ ಗಾಳಿ ಜೋರು.

ಟೇಪಿನವನು ಮತ್ತೆ ಫೋನ್ ಮಾಡಿದ್ದ. ಜೂನ್ ಹದಿನೈದರೊಳಗೆ ಒಂದು ಮಾತು ಹೇಳು ಅಂತ. ಹಿಂದಿನ ರೂಮಿಗೆ ಬಣ್ಣ ಹೊಡೆಸಿದ್ದೇವೆ, ನಿನಗೆ ಇಷ್ಟದ ತಿಳಿ ಹಸಿರು. ಒಮ್ಮೆ ಬಂದು ನೋಡು, ಅಷ್ಟೇ ಕೇಳೋದು.

ಇತಿ,
ವಿಲ್ಫ್ರೆಡ್


'ಎಡಿತ್', ಡೂಕಿನ್‌ಫೀಲ್ಡ್
೨ ಜೂನ್ ೧೯೯೪

ವಿಲ್ಫ್ರೆಡ್,

ಗುಲಾಬಿ ಬಂತು, ಗಾಳಿ ಬಂತು, ಹಸಿರು ಬಣ್ಣ ಬಂತು. ಕೋಟು ಬರಲಿಲ್ಲ. ಸರಿ, ನಾನೇ ಹೇಳ್ತೀನಿ.

ಕಾರ್ಲಾ ಹೇಳಿದ್ದು ಇದು. ಆವತ್ತು ಅವಳು, ಇನ್ನೂ ನಾಲ್ಕು ಜನ ಏಳನೇ ಲಾಕಿನ ಗೇಟಿನ ಮೇಲೆ ಕೂತಿದ್ದರು. ನಾವು ಮೇಲಕ್ಕೆ ಹತ್ತಿ ಹೋಗ್ತಿದ್ದೆವು. ದೋಣಿ ಲಾಕಿಂದ ಆಚೆ ಹೋಯ್ತು. ಹಳದಿ ಕೋಟಿನವನೊಬ್ಬ ಹಿಂದೆ ಉಳಿದು ಮೇಲಿನ ಗೇಟು ಹಾಕಿದ, ಈಚೆ ಬದಿಯ ತೂಬು ಇಳಿಸಿ, ಬೇರೆ ಯಾರೂ ಎತ್ತದ ಹಾಗೆ ಕೀಲಿ ತಿರುಗಿಸಿ ಅದಕ್ಕೆ ಬೇಡಿ ಹಾಕಿದ. ಆಚೆ ಬದಿಯದು ಎತ್ತಿದ ಹಾಗೇ ಇತ್ತು. ಅದನ್ನ ಇಳಿಸಲೂ ಇಲ್ಲ, ಅದಕ್ಕೆ ಬೇಡಿ ಹಾಕಲೂ ಇಲ್ಲ. ಹೊರಟೇಬಿಟ್ಟ. ಕೆಳಗಿನ ಗೇಟು ಜರಡಿಯ ಹಾಗೆ ಸೋರುತ್ತೆ, ಮೇಲಿನ ತೂಬು ತೆರೆದಿದ್ದರೆ ನೀರು ನಿಲ್ಲಲ್ಲ ಅಂತ ಆ ಸಾಲಿನ ಕೂಸಿಗೂ ಗೊತ್ತು. ಇವರು ಕೂಗಿದರಂತೆ: "ಅಂಕಲ್, ಆಚೆ ತೂಬು ಬಿಟ್ಟಿದ್ದೀರ!" ಎರಡು ಸಲ ಕೂಗಿದರಂತೆ. ಹಳದಿ ಕೋಟು ಕಬ್ಬಿಣದ ಹಿಡಿ ಎತ್ತಿ ತೋರಿಸಿ, "ಚರಂಡಿ ಹುಳಗಳಾ, ತಲೆ ಒಡೀತೀನಿ" ಅಂದು ಬಿರಬಿರನೆ ನಡೆದನಂತೆ.

"ನೀವೇ ಇಳಿಸಬಹುದಿತ್ತಲ್ಲೇ?" ಅಂದೆ.

"ಮುಟ್ಟಿದ್ರೆ ನಾವೇ ಮಾಡಿದ್ವಿ ಅಂತಿರಲಿಲ್ವಾ ನೀವು?" ಅಂದಳು. "ಮುಟ್ಟದೇ ಇದ್ರೂ ಅಂದ್ರಿ."

ಎಂಟನೇ ಲಾಕಿನ ಕೆಳಗೆ ಹಾಸಿಗೆಯ ತಂತಿ ದೋಣಿ ತಳದ ಪಂಖಕ್ಕೆ ಸುತ್ತಿಕೊಂಡು ನಾವು ನಿಂತಿದ್ದು ನೆನಪಿದೆಯಾ? ಸಿರಿಲ್ ದೋಣಿ ಹಿಂಬದಿಯ ಗುಂಡಿಯೊಳಗೆ ಭುಜದವರೆಗೂ ಕೈ ಇಟ್ಟು ತಂತಿ ಕತ್ತರಿಸ್ತಿದ್ದ. ಮುಕ್ಕಾಲು ಗಂಟೆ. ಅಷ್ಟರಲ್ಲಿ ನೀರೆಲ್ಲಾ ಆ ತೂಬಿನಿಂದ ಇಳಿದುಹೋಗಿ ದೋಣಿ ಕೆಸರಿಗೆ ಕೂತು ವಾಲಿತು. ಆಗ ಅವರು ಬಂದರು. ನೀನು ಮತ್ತೆ ಬೈದೆ. ಆಮೇಲೆ ಕಲ್ಲು.

"ನಾನೂ ಒಂದು ಎಸೆದೆ" ಅಂದಳು ಕಾರ್ಲಾ. "ಎಲ್ಲಿ ಬಿತ್ತು ಅಂತ ನೋಡೋಕೆ ನಿಲ್ಲಲಿಲ್ಲ. ಓಡಿದೆ." ಅವರಮ್ಮ ಅಷ್ಟಕ್ಕೇ ಆಲೂಗಡ್ಡೆ ಬಟ್ಟಲು ಕೆಳಗಿಟ್ಟು ಮಗಳ ಕಪಾಳಕ್ಕೆ ಒಂದು ಬಿಟ್ಟಳು. ಮೂರು ವರ್ಷದ ಮೇಲೆ ಅವಳಿಗೂ ಆಗಲೇ ಗೊತ್ತಾಗಿದ್ದು.

ನಾನು ಆ ಹುಡುಗಿಯನ್ನ ಕ್ಷಮಿಸಲಿಲ್ಲ ವಿಲ್ಫ್. ಕಣ್ಣು ಕಣ್ಣೇ. ಅದನ್ನ ಅವಳ ಮುಖಕ್ಕೇ ಹೇಳಿದೆ. ಆದರೆ ಅವಳು ಹೇಳಿದಳು. ಅತ್ತುಕೊಂಡು, ಮೂಗು ಒರೆಸಿಕೊಂಡು, ತಪ್ಪಿಸಿಕೊಳ್ಳದೆ ನನ್ನೆದುರು ಕೂತು ಹೇಳಿದಳು. ನೀನು ಆವತ್ತು ಆಸ್ಪತ್ರೆಯಲ್ಲಿ ಏನಂದೆ? "ನಾನು ಎರಡೂ ತೂಬು ಇಳಿಸಿ ಬೇಡಿ ಹಾಕಿದ್ದೆ, ಆ ಪುಂಡರೇ ಮುರಿದು ಎತ್ತಿದ್ದಾರೆ." ನನ್ನ ಕೈ ಹಿಡಕೊಂಡು ಅಂದೆ.

ಅವಳು ಸುಳ್ಳು ಹೇಳ್ತಿದ್ದರೆ ಹಾಗಂತ ಬರಿ. ನಿನ್ನ ಮಾತೇ ನಂಬ್ತೀನಿ, ನೀನು ನನ್ನ ತಮ್ಮ. ಬರೆಯೋಕೆ ಆಗದಿದ್ದರೆ, ಜೂನ್ ಹದಿನೆಂಟು ಶನಿವಾರ ಹನ್ನೆರಡು ಗಂಟೆಗೆ ನಾನು ಹದಿನೆಂಟನೇ ಲಾಕಿಂದ ಇಳಿಯೋಕೆ ಶುರು ಮಾಡ್ತೀನಿ. ಶನಿವಾರವೇ. ಹಾಡುಹಗಲೇ. ಬಾ.

ನೋರಾ


ಸಿಡ್ಮತ್
೧೩ ಜೂನ್ ೧೯೯೪

ಅಕ್ಕ,

ಇದನ್ನು ಆರು ಸಲ ಬರೆದು ಹರಿದಿದ್ದೇನೆ.

ಆ ಹುಡುಗಿ ಹೇಳಿದ್ದು ನಿಜ. ಅವರು ಕೂಗಿದ್ದು ನನಗೆ ಸ್ಪಷ್ಟವಾಗಿಯೇ ಕೇಳಿಸಿತು. ಏನು ಕೂಗುತ್ತಿದ್ದಾರೆ ಅನ್ನುವುದೂ ಅರ್ಥವಾಯಿತು. ಆಚೆ ಬದಿಗೆ ಹೋಗಬೇಕಾದರೆ ಗೇಟಿನ ಮೇಲಿನ ಹಲಗೆ ದಾಟಬೇಕು. ಅದರ ಮೇಲೆ ಅವರು ಐದು ಜನ ಕಾಲು ಇಳಿಬಿಟ್ಟು ಕೂತಿದ್ದರು. ಒಬ್ಬ ಸಿಗರೇಟು ಸೇದುತ್ತಿದ್ದ. "ಸ್ವಲ್ಪ ಜರುಗಿ" ಅಂತ ಒಂದು ಮಾತು ಹೇಳಬೇಕಿತ್ತು. ಐವತ್ತಾರು ವರ್ಷದ ಗಂಡಸು, ಇನ್ಶೂರೆನ್ಸ್ ಆಫೀಸಿನಲ್ಲಿ ಹನ್ನೆರಡು ಜನರ ಮೇಲೆ ಅಧಿಕಾರಿ. ಬಾಯಿ ಬರಲಿಲ್ಲ. ತಳ್ಳಿಬಿಡುತ್ತಾರೆ ಅನ್ನಿಸಿತು. ಒಂದು ತೂಬು ತಾನೆ, ಏನಾಗುತ್ತೆ ಅಂದುಕೊಂಡೆ. ನನಗೆ ಹೆದರಿಕೆಯಾಗಿದ್ದು ಅವರಿಗೆ ಗೊತ್ತಾಗಬಾರದು ಅಂತ ಬೈದೆ.

ಆಸ್ಪತ್ರೆಯಲ್ಲಿ ಸಿರಿಲ್ ಕಣ್ಣಿಗೆ ಬಟ್ಟೆ ಕಟ್ಟಿಕೊಂಡು "ಆ ಮಕ್ಕಳೇ ತೂಬು ಎತ್ತಿದ್ದು, ಅಲ್ವಾ ವಿಲ್ಫ್?" ಅಂದ. ನಾನು ಹೌದು ಅಂದೆ. ಒಂದು ಸಲ ಹೌದು ಅಂದ ಮೇಲೆ ಪ್ರತಿ ಕ್ರಿಸ್‌ಮಸ್‌ಗೂ ಹೌದು ಅನ್ನಬೇಕಾಯಿತು. ಅವನ ಹೆಣದ ಮುಂದೆಯೂ ಬಾಯಿ ಬಿಡಲಿಲ್ಲ. ನೀನು ದೋಣಿ ಮಾರಿದರೆ ಆ ಲಾಕಿನ ಹೆಸರು ಇನ್ನು ಮನೆಯಲ್ಲಿ ಯಾರೂ ಎತ್ತುವುದಿಲ್ಲ ಅಂತ ಆಸೆ ಇತ್ತು. ನಿನ್ನ ಒಳ್ಳೆಯದಕ್ಕೆ ಅಂದಿದ್ದೆಲ್ಲ ಸುಳ್ಳು.

ಆವತ್ತು ರೈಲಿನಲ್ಲಿ ವಾಪಸ್ ಬರುವಾಗ ಕೋಟಿನ ಜೇಬಿನಲ್ಲಿ ಕೈ ಇಟ್ಟರೆ ನಿಮ್ಮ ಬೇಡಿ ಕೀಲಿ ಸಿಕ್ಕಿತು. ಮೂರು ವರ್ಷ ಅದನ್ನು ಅದೇ ಜೇಬಿನಲ್ಲಿ ಬಿಟ್ಟಿದ್ದೆ. ಕೋಟು ಹಾಕಿಕೊಳ್ಳಲೂ ಇಲ್ಲ, ಎಸೆಯಲೂ ಇಲ್ಲ. ಕೀಲಿಯನ್ನು ಇದರೊಳಗೆ ಇಟ್ಟಿದ್ದೇನೆ.

ಶನಿವಾರ ಬರುವುದಿಲ್ಲ. ಮೊಣಕಾಲು ನೆಪ. ನಿನ್ನ ಮುಖ ನೋಡುವ ಧೈರ್ಯ ಇಲ್ಲ.

ವಿಲ್ಫ್


'ಎಡಿತ್', ಸೇಲ್
೨೧ ಜೂನ್ ೧೯೯೪

ವಿಲ್ಫ್,

ಮೇಲಿನ ವಿಳಾಸ ಇನ್ನೊಂದು ಸಲ ಓದು. ಸೇಲ್. ಕಟ್ಟೆ ಪಕ್ಕ ಒಂದು ಸೇಬಿನ ಮರ ಇದೆ, ಪಕ್ಕದ ದೋಣಿಯವನು ಬೆಳಿಗ್ಗೆಯಿಂದ ಕೊಳಲು ಕಲೀತಾನೆ, ಸಹಿಸೋಕಾಗಲ್ಲ. ಆದರೆ ಬಂದು ಸೇರಿದೆ. ನನ್ನ ಬಾಗಿಲು ನನ್ನದೇ.

ನಿನ್ನ ಕಾಗದ ಶುಕ್ರವಾರ ಬಂತು. ಓದಿ ಒಲೆಗೆ ಹಾಕೋಕೆ ಹೋದೆ. ಕೈ ಬರಲಿಲ್ಲ. ಒಲೆ ಮುಂದೆ ಕೂತು ಅತ್ತೆ. ಹೆದರಿದ್ದಕ್ಕೆ ನಾನು ನಿನ್ನ ಬೈಯಲ್ಲ, ಹೆದರಿಕೆ ನನಗೂ ಇದೆ, ಹೇಳಿದ್ದೀನಲ್ಲ. ಆದರೆ ನನ್ನ ಗಂಡ ಎರಡು ವರ್ಷ ಕಿಟಕಿ ಹತ್ತಿರ ಕೂತು, ಅವರು ಮಾಡದ ತಪ್ಪಿಗೂ ಆ ಮಕ್ಕಳಿಗೆ ಶಾಪ ಹಾಕ್ತಾ ಹಾಕ್ತಾ ಸತ್ತ. ಅವನ ಪ್ರೀತಿಯ ನೀರಿನ ದಾರಿನೇ ಬಿಟ್ಟ. ಕಣ್ಣು ಅವರು ತೆಗೆದರು, ಮಿಕ್ಕಿದ್ದು ನೀನು ತೆಗೆದೆ. ನಾಚಿಕೆ ಆಗಬೇಕು ನಿನಗೆ. ಆಗಿದೆ ಅಂತಲೂ ಗೊತ್ತು. ಆದರೂ ಬರೀತಿದ್ದೀನಿ, ಬರೆಯದೆ ಇದ್ದರೆ ನನಗೆ ನಿದ್ದೆ ಬರಲ್ಲ.

ಈಗ ಶನಿವಾರದ ಕಥೆ. ಹನ್ನೆರಡಕ್ಕೆ ಸರಿಯಾಗಿ ಹೊರಟೆ. ಹೆಲ್ಮೆಟ್ಟು ಹಾಕಿಕೊಂಡೆ. ಕಿಟಕಿಗೆ ಹಲಗೆ ಗಿಲಗೆ ಏನೂ ಬಡಿಯಲಿಲ್ಲ, ಜೆರೇನಿಯಂ ಕುಂಡಗಳನ್ನೂ ಛಾವಣಿ ಮೇಲೇ ಬಿಟ್ಟೆ. ಕಾರ್ಲಾ ಲಾಂಡ್ರಿಗೆ ಅರ್ಧ ದಿನ ರಜಾ ಹಾಕಿ ಮೇಲಿನ ಲಾಕಿಗೇ ಬಂದು ನಿಂತಿದ್ದಳು. ನಾನು ಕರೆದಿರಲಿಲ್ಲ. "ಒಂದು ಎಸೆದಿದ್ದೆ ಅಂದೆಯಲ್ಲ, ಹದಿನೆಂಟು ಗೇಟು ತಳ್ಳು" ಅಂದೆ. ತಳ್ಳಿದಳು. ನಾಲ್ಕನೇ ಗೇಟಿಗೆ ಅಂಗೈ ಬೊಬ್ಬೆ ಬಂತು, ನನ್ನ ಕೈಗವಸು ಕೊಟ್ಟೆ.

ಹದಿನಾಲ್ಕರ ಸೇತುವೆ ಮೇಲೆ ಅದೇ ಪಡ್ಡೆಗಳು ಕಾದಿದ್ದರು. "ಏನಜ್ಜೀ, ಬೈಕು ಎಲ್ಲಿ ಬಿಟ್ಟೆ?" ಅಂತ ಒಬ್ಬ. ಇನ್ನೊಬ್ಬ ಅರ್ಧ ಇಟ್ಟಿಗೆ ಎಸೆದ. ನನ್ನ ದೊಡ್ಡ ಕುಂಡ ಚೂರುಚೂರು. ಟಾಟರ್ಸಾಲ್‌ನ ಹಾಳೆ ಪ್ರಕಾರ ಮುಂದೆ ನೋಡ್ತಾ ಹೋಗಬೇಕಿತ್ತು. ನಾನು ದೋಣಿನ ಸೇತುವೆ ಕೆಳಕ್ಕೆ ನುಗ್ಗಿಸಿ ಅಲ್ಲೇ ನಿಲ್ಲಿಸಿದೆ. ಕೆಳಗಿದ್ದರೆ ಇಟ್ಟಿಗೆ ತಾಗಲ್ಲ ನೋಡು. ಬಸ್ಸಿನ ಗಂಟಲು ತೆಗೆದು ಮೇಲಕ್ಕೆ ಕೂಗಿದೆ: "ನನ್ನ ಹತ್ರ ಚಹಾ ಇದೆ, ಕೇಕಿದೆ, ಸೂರಿದೆ. ಸಂಜೆವರೆಗೂ ಇಲ್ಲೇ ಕೂರ್ತೀನಿ. ನಿಮ್ಮ ಹತ್ರ ಏನ್ರೋ ಇದೆ?" ಕೆಟಲ್ ಇಟ್ಟೆ. ಸೀಟಿ ಹೊಡೀತು. ನಾಲ್ಕು ತಲೆ ಸೇತುವೆ ಅಂಚಿಂದ ತಲೆಕೆಳಗಾಗಿ ಇಣುಕಿದವು.

ಅಷ್ಟರಲ್ಲಿ ಕಾರ್ಲಾ ಹಿಂದಿನಿಂದ ಸೇತುವೆ ಹತ್ತಿದ್ದಳು. "ಲೋ ಡ್ಯಾರನ್, ನಿಮ್ಮನೆ ಬಟ್ಟೆ ಗಂಟು ನನ್ನ ಹತ್ರಾನೇ ಇರೋದು. ನಿನ್ನ ಚಡ್ಡಿ ಹೇಗಿರುತ್ತೆ ಅಂತ ನನಗೊಬ್ಬಳಿಗೇ ಗೊತ್ತು. ಅಂಗಡಿ ಕಿಟಕೀಲಿ ನೇತು ಹಾಕ್ಲಾ?" ಮಿಕ್ಕ ಮೂರು ಜನ ಹೊಟ್ಟೆ ಹಿಡಕೊಂಡು ನಕ್ಕರು. ಡ್ಯಾರನ್ ಬಾಲ ಮುದುರಿಕೊಂಡು ಹೋದ. ಒಬ್ಬ ಕೆಳಗೆ ಬಂದು ಕೇಕು ತಿಂದ, ಥ್ಯಾಂಕ್ಸ್ ಹೇಳಲಿಲ್ಲ.

ಎಲ್ಲರೂ ಒಳ್ಳೆಯವರಾದರು ಅಂದುಕೋಬೇಡ. ಒಂಬತ್ತನೇ ಲಾಕಿನಲ್ಲಿ ಯಾರೋ ದೋಣಿ ಹಗ್ಗ ಬಿಚ್ಚಿದರು. ಮೂರನೇ ಲಾಕಿನಲ್ಲಿ ನಾನು ತೂಬು ಎತ್ತೋ ಹೊತ್ತಿಗೆ ಛಾವಣಿ ಮೇಲಿನ ನೆಲ ಒರೆಸೋ ಕೋಲು ಹೋಯ್ತು. ಒದ್ದೆ ಕೋಲು, ಏನು ಮಾಡ್ತಾರೋ ತಗೊಂಡು.

ಏಳನೇ ಲಾಕಿಗೆ ನಾಲ್ಕು ಗಂಟೆಗೆ ಬಂದೆ. ಬರ್ನಿ ಇಡೀ ಸಾಲನ್ನೇ ಎಬ್ಬಿಸಿ ಹೊರಗೆ ಕೂರಿಸಿದ್ದಳು. ಅಡುಗೆಮನೆ ಕುರ್ಚಿ, ಮಡಚೋ ಕುರ್ಚಿ, ಒಬ್ಬಳು ಇಸ್ತ್ರಿ ಮೇಜೇ ತಂದು ಇಸ್ತ್ರಿ ಮಾಡ್ತಿದ್ದಳು. ಗೇಟಿನ ಹಲಗೆ ಮೇಲೆ ಐದಾರು ಮಕ್ಕಳು ಕಾಲು ಇಳಿಬಿಟ್ಟು ಕೂತಿದ್ದರು, ಆವತ್ತಿನ ಹಾಗೇ. "ಸ್ವಲ್ಪ ಜರುಗ್ರೋ" ಅಂದೆ. ಜರುಗಿದರು, ವಿಲ್ಫ್. ಅಷ್ಟೇ ಆಗಿದ್ದು. ಒಬ್ಬ ಕೈ ಕೂಡ ಕೊಟ್ಟ.

ಆಚೆ ಬದಿಯ ತೂಬು ಇಳಿಸಿ ನಿನ್ನ ಕೀಲಿಯಲ್ಲೇ ಬೇಡಿ ಹಾಕಿದೆ. ಎಳೆದು ನೋಡಿದೆ. ಸಿರಿಲ್ ಯಾವಾಗಲೂ ಎರಡು ಸಲ ಎಳೀತಿದ್ದ, ನಾನೂ ಎರಡು ಸಲ ಎಳೆದೆ. ಆಮೇಲೆ ಅಲ್ಲಿ ನಿಂತೇ ಎಲ್ಲರಿಗೂ ಕೇಳೋ ಹಾಗೆ ಹೇಳಿದೆ: "ತೊಂಬತ್ತೊಂದರಲ್ಲಿ ಈ ತೂಬು ಬಿಟ್ಟು ಹೋಗಿದ್ದು ನಮ್ಮ ಕಡೆಯವರು. ನಿಮ್ಮ ಮಕ್ಕಳಲ್ಲ. ಕಲ್ಲು ಹೊಡೆದಿದ್ದು ನಿಮ್ಮ ಮಕ್ಕಳೇ." ಇಸ್ತ್ರಿಯವಳು ತಲೆ ಆಡಿಸಿದಳು. ನಿನ್ನ ಹೆಸರು ನಾನು ಹೇಳಲಿಲ್ಲ. ಅದನ್ನ ಹೇಳೋ ಕೆಲಸ ನನ್ನದಲ್ಲ.

ದೋಣಿಯ ತಳಕ್ಕೆ ಟಾರು ಬಳಿಸಬೇಕು, ಅದಕ್ಕೆ ಮತ್ತೆ ಆಷ್ಟನ್‌ಗೇ ಹೋಗಬೇಕು. ಸೆಪ್ಟೆಂಬರ್ ಹತ್ತಕ್ಕೆ ಗೊತ್ತಾಗಿದೆ. ಆವತ್ತೂ ಶನಿವಾರ, ಆವತ್ತೂ ಹಾ‍ಡುಹಗಲು. ನೀನಿದ್ದಾಗ ಹೋದ ಹಾಗೇ ಕೆಳಗಿಂದ ಮೇಲಕ್ಕೆ. ಹದಿನೇಳು ಲಾಕು ನಾನು, ಕಾರ್ಲಾ ನೋಡಿಕೊಳ್ತೀವಿ. ಏಳನೆಯದರ ಆಚೆ ಬದಿ ಮಾತ್ರ ಯಾರೂ ಮುಟ್ಟಲ್ಲ ಅಂತ ಹೇಳಿಟ್ಟಿದ್ದೀನಿ. ಬೇಡಿ ಕೀಲಿ ಈ ಲಕೋಟೆಯಲ್ಲೇ ವಾಪಸ್ ಕಳಿಸಿದ್ದೀನಿ. ನಮ್ಮ ದೋಣಿಯಲ್ಲಿ ಬೇರೆ ಇದೆ, ಇದು ನಿನ್ನದು.

ಹಲಗೆ ಮೇಲೆ ಮಕ್ಕಳು ಕೂತಿರ್ತಾರೆ. ದಾಟಿ ಹೋಗಿ ಇಳಿಸು.

ಹಳದಿ ಕೋಟು ಹಾಕ್ಕೊಂಡು ಬಾ. ಬಿಸಿಲಿದ್ದರೂ ಹಾಕ್ಕೋ. ಅವರಿಗೆ ಗುರುತು ಸಿಗಬೇಕು.

ನಿನ್ನ ಅಕ್ಕ,
ನೋರಾ